ರಟ್ಟು ಹರಿದ ಪುಸ್ತಕಗಳು

ಅಣ್ಣನ ಕಣ್ಣಿಗೆ ಇನ್ನೂ ಅಕ್ಷರ ಕಾಣುತ್ತಿದ್ದ ಕೊನೆಯ ಮಳೆಗಾಲದಲ್ಲಿ ನಾನು ಅವನಿಗೆ ಒಂದು ಪುಸ್ತಕವನ್ನೂ ತಂದುಕೊಡಲಿಲ್ಲ. ನಾನು ಕೆಲಸ ಮಾಡುವ ರದ್ದಿ ಅಂಗಡಿಗೆ ಇಂಗ್ಲಿಷ್ ಪುಸ್ತಕ ಬರುವುದೇ ನಿಂತುಹೋಗಿದೆ ಎಂದು ಹೇಳಿದೆ. ಅದು ಸುಳ್ಳು. ಪುಸ್ತಕಗಳು ಬರುತ್ತಿದ್ದವು. ಅವುಗಳ ರಟ್ಟನ್ನು ನಾನೇ ನನ್ನ ಕೈಯಾರೆ ಹರಿಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಮಾತುಗಳು ಬಂದು ಇದು ಹಿಂದೆ ಸರಿದುಹೋಗಬಾರದು.

ನಾನು ಓದಿದ್ದು ಐದನೇ ಇಯತ್ತೆವರೆಗೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಎರಡೂ ನಿಧಾನ. ಇಂಗ್ಲಿಷಿನಲ್ಲಿ ಗೊತ್ತಿರುವುದು ಅಂಕಿಗಳು ಮಾತ್ರ. ಅದೂ ತೂಕದ ಕಾಟಾದ ದೆಸೆಯಿಂದ.

ನಮ್ಮ ಅಂಗಡಿ ಹುಮನಾಬಾದಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಹಳೆಯ ಅಡತಿ ಅಂಗಡಿಗಳ ಹಿಂದೆ ಇದೆ. ಅಂಗಡಿ ಎಂದರೆ ತಗಡು ಹೊದಿಸಿದ ಒಂದು ದೊಡ್ಡ ಕೋಣೆ. ಬೀದರ್, ಕಲಬುರಗಿ, ಜಹೀರಾಬಾದ್ ಕಡೆಯಿಂದ ರದ್ದಿ ಚೀಲಗಳಲ್ಲಿ ಬಂದು ಬೀಳುತ್ತದೆ. ನಾವು ನಾಲ್ಕೈದು ಹೆಂಗಸರು ಗೋಣಿತಟ್ಟಿನ ಮೇಲೆ ಕುಳಿತು ಅದನ್ನು ಬೇರೆ ಬೇರೆ ಮಾಡುತ್ತೇವೆ. ಪುಸ್ತಕ ಬಂದರೆ ಮೊದಲು ರಟ್ಟು ಹರಿಯಬೇಕು. ರಟ್ಟಿಗೆ ಅಂಟು, ಬಟ್ಟೆ, ಪ್ಲಾಸ್ಟಿಕ್ ಇರುತ್ತವೆ. ಅದು ಕಾಗದದ ಜೊತೆ ಸೇರಿ ಹೋದರೆ ಮಿಲ್ಲಿನವರು ಇಡೀ ಲಾರಿಯನ್ನೇ ತಿರುಗಿಸಿ ಕಳಿಸುತ್ತಾರೆ. ಪುಸ್ತಕವನ್ನು ಬೋರಲು ಹಾಕಿ, ಅದರ ಬೆನ್ನನ್ನು ಪಾದದಿಂದ ಒತ್ತಿ, ಎರಡೂ ಕೈಯಲ್ಲಿ ಹಿಂದಿನ ರಟ್ಟನ್ನು ಹಿಡಿದು ಒಮ್ಮೆಲೇ ಎಳೆಯಬೇಕು. ಅಂಜುತ್ತ ಎಳೆದರೆ ಬರುವುದಿಲ್ಲ. ಮೊದಮೊದಲು ಪುಸ್ತಕಕ್ಕೆ ಕಾಲು ತಾಗಿಸಿದೆನಲ್ಲ ಎಂದು ಪ್ರತಿ ಸಲವೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಆಮೇಲೆ ಬಿಟ್ಟೆ. ಎಷ್ಟಕ್ಕೆಂದು ಒತ್ತಿಕೊಳ್ಳುವುದು?

ಅಣ್ಣ ನನಗಿಂತ ಬಹಳ ದೊಡ್ಡವನು. ಮಿಲಿಟರಿಯಲ್ಲಿ ಸ್ಟೋರಿನ ಕೆಲಸದಲ್ಲಿದ್ದ. ಊರಿನಿಂದ ಹೋದಾಗ ಇಂಗ್ಲಿಷಿನಲ್ಲಿ ಸಹಿ ಮಾತ್ರ ಬರುತ್ತಿತ್ತು. ಬರುವಾಗ ಪುಸ್ತಕ ಓದುವ ಚಟ ಹಚ್ಚಿಕೊಂಡು ಬಂದ. ಎತ್ತರದ ಜಾಗದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ಎಲ್ಲರೂ ಇಸ್ಪೀಟು ಆಡಿದರಂತೆ, ಇವನು ಅಲ್ಲಿದ್ದ ಕಪಾಟಿನ ಪುಸ್ತಕಗಳನ್ನು ಅರ್ಥ ಆಗಲಿ ಬಿಡಲಿ ಒಂದು ಕಡೆಯಿಂದ ಓದಿದನಂತೆ. ಪೆನ್ಷನ್ ಆದ ಮೇಲೆ ಬಸವಕಲ್ಯಾಣದಲ್ಲಿ ಕಾವಲುಗಾರನಾಗಿ ಕೆಲಸಕ್ಕೆ ಸೇರಿ, ಕೋಟೆ ಕಡೆಯ ಓಣಿಯಲ್ಲಿ ಒಂದು ಕೋಣೆ ಹಿಡಿದ. ಅತ್ತಿಗೆ ತೀರಿಕೊಂಡು ವರ್ಷಗಳಾಗಿದ್ದವು, ಮಗಳನ್ನು ಲಾತೂರ ಕಡೆ ಕೊಟ್ಟಾಗಿತ್ತು. ಪ್ರತಿ ರವಿವಾರ ನಾನು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲಂತೂ ತಪ್ಪಿಸಿದ್ದೇ ಇಲ್ಲ. ರೊಟ್ಟಿ ಗಂಟಿನ ಕೆಳಗೆ ಪುಸ್ತಕಗಳು ಇರುತ್ತಿದ್ದವು.

ಅವನಿಗೆ ಬೇಕಾದ ಪುಸ್ತಕ ಮೂರೇ ಬಗೆ: ಇಂಗ್ಲೆಂಡಿನ ಇತಿಹಾಸ, ಸೈನಿಕರ ಬದುಕು, ಆಮೇಲೆ ಹೊತ್ತು ಕಳೆಯುವ ಕಾದಂಬರಿ. ಊರಿನ ವಾಚನಾಲಯದಲ್ಲಿ ಅಂಥವು ಇರಲಿಲ್ಲ. ರದ್ದಿಯಲ್ಲಿ ಬರುತ್ತಿದ್ದವು. ಬೀದರದ ದೊಡ್ಡ ಸಾಹೇಬರ ಮನೆಗಳು ಖಾಲಿಯಾದಾಗ ಇಡೀ ಕಪಾಟೇ ಚೀಲದಲ್ಲಿ ಬಂದದ್ದುಂಟು.

“ಇಂಗ್ಲೆಂಡಿನ ರಾಜರ ಸುದ್ದಿ ನಿನಗ್ಯಾಕಣ್ಣಾ?” ಎಂದು ಒಮ್ಮೆ ಕೇಳಿದೆ. “ಓಡಿಸಿ ಕಳಿಸಿದ ಮ್ಯಾಲೂ ಅವರ ಪುರಾಣಾನೇ?”

“ನಾ ಹಾಕ್ಕೊಂಡ ಬೂಟ ಅವರದು. ಮುಂಜಾನೆ ಎಬ್ಬಿಸೋ ಬಿಗಿಲ್ ಅವರದು. ಮೆಸ್ಸಿನ್ಯಾಗ ಚಮಚ ಹಿಡಿಯೂ ರೀತಿ ಸುದ್ದಾ ಅವರದು. ಇಷ್ಟ ವರ್ಷ ಅವರು ಹೊಲಿದ ಅಂಗಿ ತೊಟ್ಟೀನಿ ತಂಗಿ. ಅವರ ಮನ್ಯಾಗ ಏನ ನಡೀತಿತ್ತು ಅಂತ ಇಣಕಿ ನೋಡಬ್ಯಾಡೇನು?”

“ನನಗ ಇಂಗ್ಲಿಷ್ ಓದಾಕ ಬರೂದಿಲ್ಲ. ಯಾವದು ಏನಂತ ಹ್ಯಾಂಗ ತಿಳೀಬೇಕು?”

“ಚಿತ್ರ ನೋಡು. ಕಿರೀಟ, ಸಿಂಹ, ಹಾಯಿ ಕಟ್ಟಿದ ಹಡಗ ಇದ್ದರ ಇತಿಹಾಸ. ಮಿಲಿಟರಿದು ಅಂದ್ರ ಜನರಲ್ ಸಾಹೇಬರು ಬರದದ್ದು ಬ್ಯಾಡ, ಸಿಪಾಯಿ ಬರದದ್ದು ಬೇಕು. ಚಳ್ಯಾಗ ಸಾಕ್ಸ್ ಒಣಗಿಸಿದ್ದು, ರಜಾ ಸಿಗದ ಅತ್ತದ್ದು, ಅದು. ಕುದರಿ ಮ್ಯಾಲ ಕುಂತು ಕೈ ಚಾಚಿದವ ಇದ್ದರ ಬಿಡು. ನೆಲದ ಮ್ಯಾಲ ಕುಂತವರಿದ್ದರ ತಗೊಂಡ ಬಾ.”

“ಕಾದಂಬರಿ?”

“ದಪ್ಪ ಇರತಾವ, ಕಾಗದ ಹಳದಿ. ಹೆಸರು ಉಬ್ಬಿರತದ. ಕಣ್ಣ ಮುಚ್ಚಿ ಬೆರಳಾಡಿಸು. ಬೆರಳಿಗೆ ಹತ್ತಿತು ಅಂದ್ರ ಒಳಗ ಒಂದು ಹೆಣ ಬಿದ್ದೇ ಬಿದ್ದಿರತದ.”

ಹೀಗೆ ನಾನು ಆರಿಸಲು ಕಲಿತೆ. ತಪ್ಪುತ್ತಿತ್ತು. ಹಡಗಿನ ಚಿತ್ರ ಇದ್ದದ್ದನ್ನು ಒಯ್ದರೆ ಅದು ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದನ್ನು ಕಲಿಸುವ ಪುಸ್ತಕ. ಕಿರೀಟ ತೊಟ್ಟ ರಾಣಿ ಇದ್ದದ್ದು ಇಸ್ಪೀಟಿನ ಆಟದ್ದು. ಅಣ್ಣ ನಗುತ್ತಿದ್ದ, ಆದರೂ ಅದನ್ನು ಬಿಡದೆ ಓದುತ್ತಿದ್ದ. ಅವನು ಬಟ್ಟೆ ಒಣಹಾಕುವ ಹಗ್ಗಕ್ಕೆ ಹೊಸ ನಮೂನೆಯ ಗಂಟು ಬಿತ್ತು. “ನೋಡು, ಇಂಗ್ಲೆಂಡಿನ ನೇವಿ ಗಂಟು,” ಎಂದು ಓಣಿಯವರಿಗೆಲ್ಲ ತೋರಿಸಿದ.

ಹೆಂಗಸರನ್ನೆಲ್ಲ ‘ಬಾಯಿ’ ಎಂದು ಕರೆಯುವ ಅಂಗಡಿಯ ಮಾಲಕರು ಒಯ್ಯಬೇಡ ಎಂದವರಲ್ಲ. ಒಂದೇ ಷರತ್ತು ಹಾಕಿದ್ದರು. “ಒಯ್ಯಿ ಬಾಯಿ, ಆದ್ರ ರಟ್ಟ ಹರದು ಒಯ್ಯಿ. ರಟ್ಟ ಇದ್ದರ ಅದು ಪುಸ್ತಕ. ನಾಳೆ ಉಳದವರು, ಅಕಿ ಪುಸ್ತಕ ಒಯ್ತಾಳ, ನಮಗೂ ಏನಾರ ಕೊಡ್ರಿ ಅಂತಾರ. ರಟ್ಟ ಹರದರ ರದ್ದಿ. ರದ್ದಿಗೆ ಯಾರೂ ಕೇಳೂದಿಲ್ಲ.” ಅದಕ್ಕಾಗಿ ಚಿತ್ರ ನೋಡಿ ಆರಿಸಿದ ಮೇಲೆ ಆ ಚಿತ್ರವನ್ನೇ ಹರಿದುಹಾಕಿ, ಬರೀ ಹೊಟ್ಟೆಯನ್ನು, ಅಂದರೆ ಒಳಗಿನ ಹಾಳೆಗಳ ಕಟ್ಟನ್ನು, ಅಣ್ಣನಿಗೆ ಒಯ್ಯುತ್ತಿದ್ದೆ. ಅವನು ಕೈಯಲ್ಲಿ ಹಿಡಿದು, “ಇದರ ಮ್ಯಾಲ ಏನಿತ್ತು?” ಎಂದು ಕೇಳುತ್ತಿದ್ದ. “ಮೂವರು ಸಿಪಾಯಿಗಳು, ಒಬ್ಬ ಬೂಟಿನ ದಾರ ಕಟ್ಟಾಕತ್ತಾನ, ಹಿಂದ ಕೆಸರು,” ಎಂದು ನಾನು ಹೇಳಬೇಕು. ಹೇಳಿದ ಮೇಲೆಯೇ ಅವನು ಮೊದಲ ಪುಟ ತಿರುವುತ್ತಿದ್ದುದು.

ಓದಿದ್ದನ್ನು ಮುಂದಿನ ರವಿವಾರ ನನಗೆ ಹೇಳುತ್ತಿದ್ದ. ಹೆಂಡಿರ ತಲೆ ಕಡಿಸಿದ ರಾಜ, ಆಲೂಗಡ್ಡೆ ಸುಲಿಯುತ್ತಲೇ ಪಟಾಲಮ್ಮಿನಲ್ಲಿ ವರ್ಷ ಕಳೆದ ಹುಡುಗ, ರೈಲಿನಲ್ಲಿ ಖೂನಿ. “ಎ ಬಿ ಸಿ ಕಲಿ, ನಾ ಕಲಿಸತೀನಿ, ನೀನೇ ಓದೀಯಂತ,” ಎಂದು ಹಲವು ಸಲ ಅಂದ. “ರಟ್ಟ ಹರಿಯಾಕ ಎ ಬಿ ಸಿ ಯಾಕ ಬೇಕಣ್ಣಾ?” ಎಂದು ನಾನು ಹಾರಿಸಿಬಿಡುತ್ತಿದ್ದೆ.

ಸಕ್ಕರೆ ಕಾಯಿಲೆ ಅವನಿಗೆ ಮೊದಲಿನಿಂದ ಇತ್ತು. ಅದು ಕಣ್ಣಿಗೆ ಇಳಿದದ್ದು ತಡವಾಗಿ ಗೊತ್ತಾಯಿತು. ಕಲಬುರಗಿಗೆ ಕರೆದುಕೊಂಡು ಹೋದಾಗ ಒಂದು ಕಣ್ಣು ಆಗಲೇ ಮುಗಿದಿತ್ತು. ಇನ್ನೊಂದಕ್ಕೆ ಲೇಸರ್ ಮಾಡಿದ ಡಾಕ್ಟರು, ಇದು ಎಷ್ಟು ದಿನ ತಡೆಯುತ್ತದೆ ಎಂದು ಹೇಳಲಾಗದು ಎಂದರು.

“ಓದಬಹುದೇನ್ರಿ?” ಅಣ್ಣ ಕೇಳಿದ್ದು ಅದೊಂದೇ.

“ಕಾಣೋತನಕ ಓದ್ರಿ. ಓದೂದರಿಂದ ಇದು ಹೋಗೂದಿಲ್ಲ, ಓದದಿದ್ದರ ಉಳಿಯೂದೂ ಇಲ್ಲ.”

ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಡಕಿಯ ಪಕ್ಕ ಕುಳಿತಿದ್ದ. ಅವನು ಕಾವಲಿನ ಕೆಲಸ ಬಿಡಬೇಕಾಗುತ್ತದೆ ಎಂದು ನಾನು ಚಿಂತೆ ಮಾಡುತ್ತಿದ್ದರೆ ಅವನ ತಲೆಯಲ್ಲಿ ಬೇರೆಯೇ ಇತ್ತು. “ಇನ್ನ ಮ್ಯಾಲ ಸರೀಗಿ ಆರಿಸಬೇಕ ನೋಡ ತಂಗಿ,” ಎಂದ. “ಗಂಟು ಕಟ್ಟೋ ಪುಸ್ತಕ ಓದಾಕ ಟೈಮಿಲ್ಲ. ಇರೋ ಕಣ್ಣಾಗ ಛಲೋದು ಓದಿ ಬಿಡಬೇಕು. ಎಲ್ಲಾ ನಿನ್ನ ಕೈಯಾಗ ಅದ.”

ನನ್ನ ಕೈಯಲ್ಲಿ ಎಂದು ಅವನು ಅಂದ. ಇಂಗ್ಲಿಷ್ ಓದಲು ಬಾರದವಳ ಕೈಯಲ್ಲಿ.

ಆಗ ಮಳೆಗಾಲ ಶುರುವಾಗಿತ್ತು. ಅದರ ಮುಂದಿನ ರವಿವಾರವೇ ನನ್ನನ್ನು ಸುಳ್ಳಿಗೆ ತಂದ ಆ ಮಾತು ನಡೆಯಿತು. ಅಣ್ಣನ ಕೋಣೆಯ ಪಕ್ಕದಲ್ಲಿ ರಿಟೈರಾದ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ನಾನು ಅವರಿಗೆ ಕಾಕಾ ಅನ್ನುತ್ತೇನೆ. ಕಟ್ಟೆಯ ಮೇಲೆ ಓಣಿಯ ಇನ್ನೂ ಕೆಲವರಿದ್ದರು. ಅಣ್ಣ ಒಂದು ಖೂನಿಯ ಕಥೆ ಹೇಳುತ್ತಿದ್ದ. ಎಲ್ಲರೂ ಚಹಾ ಹಿಡಿದುಕೊಂಡು ಕೇಳುತ್ತಿದ್ದರು. ಮುಗಿಯುವ ಹೊತ್ತಿಗೆ ಕಾಕಾ ಕೇಳಿದರು, “ಮತ್ತ ಕೊಂದವ ಯಾರು ಫೌಜಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ?”

“ಕೊನೀ ಹಾಳಿ ಇಲ್ಲ. ನನ್ನ ತಂಗಿ ತಂದ ಪುಸ್ತಕಕ್ಕ ಬಾಲ ಇರೂದಿಲ್ಲ. ರಟ್ಟ ಎಳದಾಗ ಅದರ ಕೂಡ ಹರದು ಬರತಾವ. ನಾ ನನ್ನ ಮನಸಿಗೆ ಬಂದವನ್ನ ಹಿಡದು ಜೇಲಿಗೆ ಹಾಕತೀನಿ.”

ಕಾಕಾ ತೊಡೆ ತಟ್ಟಿಕೊಂಡು ನಕ್ಕರು. “ಅಂದ್ರ ಹುಮನಾಬಾದದ ಬಾಯಿ ಇಂಗ್ಲೆಂಡಿನ ಖೂನಿಕೋರರಿಗೆಲ್ಲಾ ಜಾಮೀನ ಕೊಡಿಸ್ಯಾಳ ಅನ್ನು!”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಣ್ಣನೂ ನಕ್ಕ. ಅವನ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಒಯ್ದ ಒಂದೊಂದು ಪುಸ್ತಕಕ್ಕೂ ಕೊನೆ ಇರಲಿಲ್ಲ, ಅವನು ಒಮ್ಮೆಯೂ ನನಗೆ ಹೇಳಿರಲಿಲ್ಲ. ನಾನು ಒಮ್ಮೆಯೂ ನೋಡಿರಲಿಲ್ಲ. ಹಿಂದಿನ ರಟ್ಟಿನ ಅಂಟಿಗೆ ಕೆಲವು ಹಾಳೆಗಳು ಕಚ್ಚಿಕೊಂಡು ಬರುತ್ತವೆ ಎಂದು ನನಗೆ ಗೊತ್ತೇ ಇತ್ತು. ರದ್ದಿಯಲ್ಲಿ ಅದು ಲೆಕ್ಕಕ್ಕಿಲ್ಲ. ಅವನ್ನು ಕಿತ್ತು ಚಿಲ್ಲರೆ ಕಾಗದದ ಗುಡ್ಡೆಗೆ ಎಸೆಯುತ್ತೇವೆ. ಅದು ಯಾರೋ ಕಾದು ಕುಳಿತ ಕೊನೆ ಎಂದು ನನಗೆ ಹೊಳೆದಿರಲಿಲ್ಲ.

ಮಾಡಬೇಕಾದದ್ದು ಸುಲಭವಿತ್ತು. ಹಿಂದಿನ ರಟ್ಟನ್ನು ಎಳೆಯುವ ಬದಲು ಬ್ಲೇಡಿನಿಂದ ಕೊಯ್ಯಬಹುದಿತ್ತು. ಮಾಲಕರಿಗೆ ಅಣ್ಣನ ಕಣ್ಣಿನ ವಿಷಯ ಹೇಳಿ, ಇಡೀ ಪುಸ್ತಕ ಕೊಡ್ರಿ ಎಂದು ಕೇಳಬಹುದಿತ್ತು. ಅವರು ಕೊಡುತ್ತಿದ್ದರು. ನಾನು ಎರಡೂ ಮಾಡಲಿಲ್ಲ. ಆ ನಗೆ ನನ್ನ ಕಿವಿಯಲ್ಲಿತ್ತು. ಇನ್ನು ಏನು ಒಯ್ದರೂ ಅದರಲ್ಲಿ ಏನೋ ಒಂದು ತಪ್ಪಿರುತ್ತದೆ, ನನಗೆ ತಿಳಿಯುವುದಿಲ್ಲ, ಮತ್ತೆ ಕಟ್ಟೆಯ ಮೇಲೆ ನಗೆಯಾಗುತ್ತದೆ ಅನ್ನಿಸಿತು. ಮುಂದಿನ ವಾರ ಬರಿಗೈಯಲ್ಲಿ ಹೋದೆ.

“ಈ ವಾರ ಏನೂ ಇಲ್ಲೇನು?”

“ಇಲ್ಲಣ್ಣ. ಇಂಗ್ಲಿಷ್ ಪುಸ್ತಕ ಬರೂದು ಬಂದ್ ಆಗ್ಯಾದ. ಈಗ ಬರೀ ಪೇಪರ್, ರಟ್ಟಿನ ಡಬ್ಬಿ.”

“ಹೌದೇನು,” ಎಂದ ಅಣ್ಣ. ಅಷ್ಟೇ. ಸುಳ್ಳು ಇಷ್ಟು ಹಗುರಾಗಿ ದಾಟಿಹೋಗುತ್ತದೆ ಎಂದುಕೊಂಡಿರಲಿಲ್ಲ.

ಒಮ್ಮೆ ಹೇಳಿದ ಮೇಲೆ ಅದನ್ನು ಪ್ರತಿ ವಾರ ಹೇಳಬೇಕಾಯಿತು. ಅವನು ಕೇಳುವುದನ್ನು ಬಿಡಲಿಲ್ಲ. ನನ್ನ ಗಂಟಿನ ಕಡೆ ನೋಡಿ, “ಬಂದಾವೇನು?” ಅನ್ನುತ್ತಿದ್ದ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವನು ಹಳೆಯ ಪುಸ್ತಕಗಳನ್ನೇ ಮತ್ತೆ ಓದುತ್ತಿದ್ದ, ಬಾಗಿಲ ಬೆಳಕಿನಲ್ಲಿ, ಮೂಗಿಗೆ ಹತ್ತುವಷ್ಟು ಸಮೀಪ ಹಿಡಿದು. ರೊಟ್ಟಿ ಸುತ್ತಿದ ಪೇಪರನ್ನೂ ಬಿಡಿಸಿ ಓದುವುದನ್ನು ಕಂಡೆ. ಆ ದಿನ ಬಸ್ಸಿನಲ್ಲಿ ಸಸ್ತಾಪುರ ಬಂಗಲಾ ಸ್ಟಾಪು ದಾಟುವವರೆಗೆ ನಾಳೆಯೇ ಒಂದು ಪುಸ್ತಕ ತೆಗೆದಿಡುತ್ತೇನೆ, ಮತ್ತೆ ಬರಾಕತ್ಯಾವ ಎಂದು ಹೇಳುತ್ತೇನೆ ಎಂದುಕೊಂಡೆ. ಹುಮನಾಬಾದಿನಲ್ಲಿ ಇಳಿಯುವ ಹೊತ್ತಿಗೆ ಆ ಧೈರ್ಯ ಇರಲಿಲ್ಲ.

ಮಳೆ ಜೋರಾಗಿದ್ದ ಒಂದು ದಿನ ಬೀದರದಿಂದ ಲೋಡು ಬಂತು. ಯಾರೋ ದೊಡ್ಡ ಮಿಲಿಟರಿ ಸಾಹೇಬರು ತೀರಿಕೊಂಡ ಮನೆಯದಂತೆ. ಕಾಗದ ಒದ್ದೆಯಾದರೆ ಮಿಲ್ಲು ತೆಗೆದುಕೊಳ್ಳುವುದಿಲ್ಲ, ಸಂಜೆಯೊಳಗೆ ತುಂಬಿ ಕಳಿಸಬೇಕು ಎಂದು ಮಾಲಕರು ಅವಸರ ಮಾಡುತ್ತಿದ್ದರು. ಚೀಲ ಬಿಚ್ಚಿದೆ, ಪಾದ ಒತ್ತಿದೆ, ಎಳೆದೆ. ಒಂದರ ಮೇಲೊಂದು. ಕೈಗೆ ರೂಢಿ, ಕಣ್ಣು ಅದರ ಮೇಲೆ ಇರುವುದಿಲ್ಲ. ಹರಿದ ರಟ್ಟುಗಳನ್ನು ಒಟ್ಟುಮಾಡುವಾಗ ನೋಡಿದೆ. ಸಿಂಹ. ಹಡಗು. ಕಿರೀಟದ ಕೆಳಗೆ ಎರಡು ಕತ್ತಿ. ಒಂದರ ಮೇಲೆ ಸಿಪಾಯಿಗಳು ಪೆಟ್ಟಿಗೆಗಳ ಮೇಲೆ, ನೆಲದ ಮೇಲೆ ಕುಳಿತು ಡಬ್ಬಿಯಿಂದ ಏನೋ ತಿನ್ನುತ್ತಿದ್ದಾರೆ. ಒಬ್ಬ ಕಾಲುಚೀಲವನ್ನು ಬೆಂಕಿಗೆ ಹಿಡಿದಿದ್ದಾನೆ.

ಆ ರಟ್ಟನ್ನು ಕೈಗೆತ್ತಿಕೊಂಡೆ. ಅಣ್ಣ ಇಷ್ಟು ವರ್ಷ ಬಾಯಿಂದ ಹೇಳಿದ್ದ ಚಿತ್ರ ಅದು. ಆ ರಟ್ಟಿನ ಹೊಟ್ಟೆ ಯಾವುದು? ನನ್ನ ಎದುರಿಗೆ ಬರೀ ಹೊಟ್ಟೆಗಳ ರಾಶಿ ಇತ್ತು. ಎಲ್ಲವೂ ಹಳದಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಪಕ್ಕದಲ್ಲಿ ಕೊನೆಯ ಹಾಳೆಗಳ ಇನ್ನೊಂದು ರಾಶಿ. ರಟ್ಟಿನ ಅಗಲ ಹಿಡಿದು ಒಂದು ಪುಸ್ತಕ ಎತ್ತಿಕೊಂಡೆ, ಇದೇ ಇರಬಹುದು ಎಂದು. ಅದರ ಕೊನೆಯ ಪುಟದ ಅಂಕಿ ನೋಡಿದೆ, ಚಿಲ್ಲರೆ ಹಾಳೆಗಳಲ್ಲಿ ಅದರ ಮುಂದಿನ ಅಂಕಿ ಹುಡುಕಿದೆ. ಸಿಕ್ಕಿತು. ಸಿಕ್ಕಿತು ಎಂದು ಖುಷಿಯಾಗುವಷ್ಟರಲ್ಲಿ ಅದೇ ಅಂಕಿಯ ಮತ್ತೊಂದು ಹಾಳೆಯೂ ಸಿಕ್ಕಿತು. ಎರಡನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದೆ. ಅಂಕಿ ಎರಡಕ್ಕೂ ಕೂಡುತ್ತಿತ್ತು. ಮಾತು ಯಾವುದಕ್ಕೆ ಕೂಡುತ್ತದೆ ಎಂದು ನನಗೆ ಹೇಗೆ ತಿಳಿಯಬೇಕು? ಈ ಪುಟದ ಕಡೆಯ ಸಾಲು ಅರ್ಧಕ್ಕೆ ನಿಂತಿತ್ತು. ಉಳಿದ ಅರ್ಧ ಇದರಲ್ಲಿದೆಯೋ ಅದರಲ್ಲಿದೆಯೋ, ನಾನು ಎಷ್ಟು ಹೊತ್ತು ನೋಡಿದರೂ ಆ ಅಕ್ಷರ ನನಗೆ ಏನೂ ಹೇಳಲಿಲ್ಲ.

“ಏ ಬಾಯಿ, ಹಾಳಿ ಆಡಿಸ್ಕೋತ ಕುಂತೀ ಏನು? ಲಾರಿ ನಿಂತದ!” ಮಾಲಕರು ಕೂಗಿದರು.

ಚೀಲದಲ್ಲಿ ಇನ್ನೂ ಹರಿಯದ ಪುಸ್ತಕಗಳು ಇದ್ದವು. ಅದರಲ್ಲಿ ಒಂದನ್ನು ಸೀರೆಯ ಕೆಳಗೆ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರೆ ರವಿವಾರ ಅಣ್ಣ, ಬಂದ್ ಆಗ್ಯಾವ ಅಂದಿದ್ದಿಯಲ್ಲ, ಮತ್ತ ಇದೆಲ್ಲಿಂದ ಬಂತು ಎಂದು ಕೇಳುತ್ತಾನೆ ಎಂದು ಹೆದರಿದೆ. ಹೊಸದಾಗಿ ಬಂತು ಎಂದು ಹೇಳಬಹುದಿತ್ತು, ಅವನು ನಂಬುತ್ತಿದ್ದ. ಇಂದು ಇದು ಇಷ್ಟು ಸರಳವಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಕೈಯೊಳಗಿನ ಹಾಳೆಗಳನ್ನು ರಾಶಿಗೆ ಎಸೆದು, ಪಾದ ಒತ್ತಿ, ಉಳಿದವುಗಳ ರಟ್ಟನ್ನೂ ಎಳೆದೆ. ಲಾರಿ ಹೋಯಿತು.

ದಸರೆ ಮುಗಿದ ಮೇಲೆ ಒಂದು ಮುಂಜಾನೆ ಕಾಕಾ ಫೋನ್ ಮಾಡಿದರು. ಅಣ್ಣ ಎದ್ದಾಗ ಕಣ್ಣಿನೊಳಗೆ ಕೆಂಪಗೆ ಏನೋ ಇಳಿದಂತಾಗಿ, ಆಮೇಲೆ ಎಲ್ಲ ಮುಚ್ಚಿಕೊಂಡಿತ್ತು. ಕಲಬುರಗಿಗೆ ಓಡಿದೆವು. ಒಳಗೆ ರಕ್ತನಾಳ ಒಡೆದಿದೆ, ಕಣ್ಣಿನ ಪರದೆ ಕಳಚಿದೆ ಎಂದರು ಡಾಕ್ಟರು. ಹೈದರಾಬಾದಿಗೂ ಒಯ್ದು ತೋರಿಸಿದೆವು. ಅಲ್ಲಿಯೂ ಅದನ್ನೇ ಇನ್ನೂ ಮೆತ್ತಗೆ ಹೇಳಿದರು.

ಈಗ ಅವನು ಬೆಳಕು ಎತ್ತ ಇದೆ ಎಂಬುದನ್ನಷ್ಟೇ ಹೇಳಬಲ್ಲ. ಮಗಳು ಲಾತೂರಿಗೆ ಕರೆದಳು. “ಇಲ್ಲಿ ಗ್ವಾಡಿ ಎಲ್ಲಿ ಅದ ಅಂತ ಕೈಗೆ ಗೊತ್ತದ,” ಎಂದು ಹೋಗಲಿಲ್ಲ. ನಾನು ರವಿವಾರ ಹೋಗುತ್ತೇನೆ, ರೊಟ್ಟಿ ಮುರಿದು ಕೊಡುತ್ತೇನೆ. “ಬಂದಾವೇನು?” ಎಂದು ಅವನು ಈಗ ಕೇಳುವುದಿಲ್ಲ. ಕೇಳದಿರುವುದು ಕೇಳಿದ್ದಕ್ಕಿಂತ ಕಷ್ಟ. ಒಮ್ಮೆ ಅವನ ಕೈಗೆ ಮೊಬೈಲು ಕೊಟ್ಟು, ಓದಿ ಹೇಳುವಂಥದ್ದು ಇದರಲ್ಲಿ ಇರುತ್ತದಂತೆ ಎಂದು ಹಚ್ಚಿದೆ. ಸ್ವಲ್ಪ ಹೊತ್ತು ಕೇಳಿ, “ಭಾಳ ಅವಸರ ಮಾಡತದ, ತಿರುಗಿ ನೋಡಾಕ ಬಿಡೂದಿಲ್ಲ,” ಎಂದು ವಾಪಸು ಕೊಟ್ಟ.

ಹೋದ ತಿಂಗಳು ನಾನು ಹೋದಾಗ ಕಾಕಾ ಅಣ್ಣನ ಮಂಚದ ಪಕ್ಕ ಕುಳಿತಿದ್ದರು. ನಾನು ತಟ್ಟೆ ತೊಳೆದು ಒಳಗೆ ಬರುತ್ತಿದ್ದೆ.

“ನಿನ್ನಿ ಹುಮನಾಬಾದಕ್ಕ ಹೋಗಿದ್ದೆ ಫೌಜಿ,” ಕಾಕಾ ಹೇಳುತ್ತಿದ್ದರು. “ನಿನ್ನ ತಂಗಿ ಅಂಗಡಿ ಮುಂದ ಟೆಂಪೋ ನಿಂತಿತ್ತು. ಎಲ್ಲಾ ಇಂಗ್ಲಿಷ್ ಪುಸ್ತಕ.”

“ಈಗ ಮತ್ತ ಚಾಲೂ ಆಗಿರಬೇಕು,” ಎಂದ ಅಣ್ಣ.

“ಬಂದ್ ಯಾವಾಗ ಆಗಿದ್ದವು? ಮಳಿಗಾಲದಾಗೂ ನಾ ನೋಡೀನಲ್ಲ.”

“ಬ್ಯಾರೆ ಅಂಗಡಿ ನೋಡಿರ್ತಿ.”

“ಅರೇ, ಅದೇ ಅಂಗಡಿ—”

“ಕಂಡಕ್ಟರ್,” ಅಣ್ಣನ ಧ್ವನಿ ಸ್ವಲ್ಪ ಏರಿತು. “ಪುಸ್ತಕ ಬಂದಿದ್ದರ ಅಕಿ ತರತಿದ್ದಳು. ಚಿಲ್ಲರಿ ಇಲ್ಲ, ಇಳಿಯಾಗ ಇಸ್ಕೋ ಅಂತ ಜಿಂದಗಿ ತುಂಬಾ ಸುಳ್ಳ ಹೇಳಿದವ ನೀನು. ನನ್ನ ತಂಗಿ ಹಂಗಲ್ಲ.”

ಕಾಕಾ ನಗಲು ಹೋಗಿ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ನಗೆ ಅಲ್ಲಿಯೇ ನಿಂತಿತು. “ಹೌದಪ್ಪಾ, ನನ್ನ ಕಣ್ಣೂ ಈಗ ಸರಿ ಇಲ್ಲ,” ಎಂದು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದರು. ಅವರು ನನ್ನನ್ನು ಉಳಿಸಿ ಹೋದರು. ನಾನು ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ನನ್ನನ್ನು ಹಾಗೆಯೇ ನಂಬಿಕೊಂಡು ಇರುತ್ತಿದ್ದ, ನಾನು ಪ್ರತಿ ರವಿವಾರ ಅವನ ಎದುರು ಕುಳಿತು ರೊಟ್ಟಿ ಮುರಿಯುತ್ತಿದ್ದೆ.

ಹೇಳಿದರೆ ಅವನಿಗೆ ಏನು ಸಿಗುತ್ತದೆ? ಕಣ್ಣು ಬರುವುದಿಲ್ಲ. ಆ ಮಳೆಗಾಲ ಬರುವುದಿಲ್ಲ. ತಂಗಿ ಸುಳ್ಳು ಹೇಳುವವಳಲ್ಲ ಎಂಬ ಒಂದು ಮಾತು ಅವನ ಬಳಿ ಉಳಿದಿತ್ತು, ಅದೂ ಹೋಗುತ್ತದೆ. ಇದನ್ನೆಲ್ಲ ನಾನು ಯೋಚಿಸಿದೆ. ಕೈಯಲ್ಲಿ ತೊಳೆದ ತಟ್ಟೆ ಹಾಗೆಯೇ ಇತ್ತು, ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಯಾಕ ನಿಂತಿ? ಕೂಡು,” ಎಂದ ಅಣ್ಣ, ನಾನಿಲ್ಲದ ಕಡೆ ಮುಖ ಮಾಡಿ. “ಅವನ ಮಾತ ಮನಸಿಗೆ ಹಚ್ಚಿಕೋಬ್ಯಾಡ.”

ನಾನು ಅವನ ಮಂಚದ ಹತ್ತಿರ ನೆಲದ ಮೇಲೆ ಕುಳಿತೆ. ಅವನ ಕಾಲು ಹಿಡಿದುಕೊಂಡೆ.

“ಅಣ್ಣಾ, ಕಾಕಾ ಖರೇ ಹೇಳ್ಯಾರ. ಪುಸ್ತಕ ಬರತಿದ್ದವು. ಮಳಿಗಾಲ ತುಂಬಾ ಬಂದಾವ. ನಿನಗ ಬೇಕಾದವು, ನೀ ಹೇಳಿದಂಥವು ಬಂದಾವ. ನಾ ಸುಳ್ಳ ಹೇಳೀನಿ. ನಿನ್ನ ಕಣ್ಣ ಇದ್ದಾಗ ನಾ ತರಲಿಲ್ಲ, ನನ್ನ ಕೈಲೆ ಹರದು ಲಾರಿಗೆ ಹಾಕೀನಿ. ಭಾಳ ದೊಡ್ಡ ತಪ್ಪ ಮಾಡೀನಿ ಅಣ್ಣಾ. ನನ್ನ ಮಾಫ್ ಮಾಡು.”